ಹೆಚ್ಚಿದ ಉಂಗುರ

ಹೇಳಿಕೆ ಕೊಟ್ಟವರು: ಬೀದಿಯಲ್ಲಿ ‘ತಿದ್ದುಪಡಿ ತಾತ’ ಎಂದು ಕರೆಯಲ್ಪಡುವವರು. ವಯಸ್ಸು: ಎಪ್ಪತ್ತೆಂಟು. ವೃತ್ತಿ: ಮುದ್ರಣಾಲಯದಲ್ಲಿ ಕರಡಚ್ಚು ತಿದ್ದುತ್ತಿದ್ದು ಈಗ ನಿವೃತ್ತರು. ವಾಸ: ನೀರಿನ ಟ್ಯಾಂಕಿನ ಹಿಂದಿನ ರಸ್ತೆ, ಔಷಧಿ ಅಂಗಡಿಯ ಮೇಲಿನ ಮಹಡಿ. ಜೊತೆಗಿರುವವರು: ಹೆಂಡತಿ, ವಯಸ್ಸು ಎಪ್ಪತ್ತೆರಡು, ಹಿಂದೆ ಹೊಲಿಗೆ ಕೆಲಸ.

ಮೇಲ್ಕಂಡ ನಾನು, ಯಾರ ಬಲವಂತಕ್ಕೂ ಒಳಗಾಗದೆ, ದೇವರನ್ನು ಸಾಕ್ಷಿಯಾಗಿಟ್ಟುಕೊಂಡು, ಠಾಣಾಧಿಕಾರಿಗಳವರಲ್ಲಿ ಅರಿಕೆ ಮಾಡಿಕೊಳ್ಳುವುದು ಏನೆಂದರೆ:

ನಾನು ಈ ಬೆಂಚಿನ ಮೇಲೆ ದೂರಿಗೆ ಗುರಿಯಾದವನಾಗಿಯೂ ದೂರುದಾರನಾಗಿಯೂ ಕುಳಿತಿದ್ದೇನೆ. ಅನ್ಯರ ಮದುವೆಯ ಉಂಗುರವನ್ನು ಇಟ್ಟುಕೊಂಡಿದ್ದೇನೆಂಬುದು ನನ್ನ ಮೇಲಿನ ದೂರು. ನನ್ನ ಮದುವೆಯ ಉಂಗುರ ಕಾಣದಾಗಿದೆಯೆಂಬುದು ನನ್ನ ದೂರು. ಮೊದಲನೆಯದರಿಂದ ಹೋದರೆ ನನ್ನ ಮಾನ ಹೋದೀತು. ಎರಡನೆಯದರಿಂದ ನನ್ನ ಹೆಂಡತಿಯ ಪ್ರಾಣಕ್ಕೇ ಸಂಚಕಾರವಿದೆ. ಆಕೆಗೆ ಸಕ್ಕರೆ ಕಾಯಿಲೆಯಿದೆ. ಮಾತ್ರೆ ನುಂಗಿ ಊಟ ಬಿಟ್ಟರೆ ಸಕ್ಕರೆ ಇಳಿದು ಮೂರ್ಛೆ ಬಂದೀತೆಂದು ವೈದ್ಯರು ಎಚ್ಚರಿಸಿದ್ದಾರೆ. ಇಂದು ಬೆಳಿಗ್ಗೆ ಮಾತ್ರೆಯ ಜೊತೆಗೆ ಎರಡು ತುತ್ತು ತಿಂದವಳು ಆಮೇಲೆ ನನ್ನ ಕೈಯಿಂದ ಏನನ್ನೂ ಮುಟ್ಟಲಿಲ್ಲ. ಆದಕಾರಣ ಬೇಗ ಬರೆದುಕೊಳ್ಳಬೇಕೆಂದೂ, ಆದರೆ ಆಡಿದವರ ಮಾತನ್ನು ಆಡಿದ ಹಾಗೆಯೇ ಬರೆದುಕೊಳ್ಳಬೇಕೆಂದೂ ಹೆಡ್ ಕಾನ್‌ಸ್ಟೇಬಲ್ ಅವರನ್ನು ಬೇಡಿಕೊಂಡಿದ್ದೇನೆ. ಇಷ್ಟೆಲ್ಲ ಆದದ್ದು ಒಂದು ಮಾತಿನಿಂದ.

ನನ್ನ ಹೆಂಡತಿಗೆ ಈಚೆಗೆ ಮರೆವು ಬಲಿತಿದೆ. ಮೊದಲು ಬೀದಿಯ ಹೆಸರು ಮರೆತಳು, ಆಮೇಲೆ ತನ್ನ ತಂಗಿಯನ್ನು, ಕಳೆದ ವರ್ಷದಿಂದ ನನ್ನ ಮುಖವನ್ನು. ನನ್ನ ಮುಖ ಮರೆತರೂ ಕೈ ಮರೆಯಲಿಲ್ಲ. ನನ್ನ ಎಡಗೈಯ ಅನಾಮಿಕೆಯಲ್ಲಿದ್ದ ಉಂಗುರವನ್ನು ಎರಡು ಬೆರಳಲ್ಲಿ ಹಿಡಿದು, ಹೊಲಿಗೆಯಂತ್ರದ ಗಾಲಿ ತಿರುಗಿಸುವಂತೆ ಒಮ್ಮೆ ತಿರುಗಿಸಿ, “ಇವರೇ” ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಹಾಗೆ ಹೇಳಿಕೊಂಡ ಮೇಲೆಯೇ ಬಾಯಿ ತೆರೆಯುತ್ತಿದ್ದಳು, ಮಾತ್ರೆಗಾಗಲಿ, ತುತ್ತಿಗಾಗಲಿ, ನಗುವುದಕ್ಕಾಗಲಿ.

ಉಂಗುರದ ಗುರುತನ್ನು ಅಧಿಕಾರಿಗಳು ಕೇಳಿದರು. ಅದು ಕಲ್ಲಿಲ್ಲದ, ಕೆತ್ತನೆಯಿಲ್ಲದ ನುಣುಪು ಬಂಗಾರದ ಉಂಗುರ. ವಯಸ್ಸಿಗೆ ಬೆರಳು ಬಡವಾಗಿ ಅದು ಜಾರತೊಡಗಿದಾಗ, ನೆನಪು ಇನ್ನೂ ನೆಟ್ಟಗಿದ್ದ ದಿನಗಳಲ್ಲಿ, ಆಕೆಯೇ ಅದರ ಹಿಂಬದಿಗೆ ನೀಲಿ ದಾರ ಒತ್ತೊತ್ತಾಗಿ ಸುತ್ತಿ ಬಿಗಿ ಮಾಡಿದಳು. “ಈಗ ಅದಾಗಿ ಬಿದ್ದುಹೋಗಲ್ಲ. ನೀವಾಗಿ ತೆಗೆದರೆ ಮಾತ್ರ ಹೋಗತ್ತೆ” ಎಂದಿದ್ದಳು. ಆಕೆಯ ಉಂಗುರ ಕಳೆದ ವರ್ಷ ಬೆರಳು ಬಾತುಕೊಂಡು ದವಾಖಾನೆಯಲ್ಲಿ ಹೆಚ್ಚಿತು. ‘ಹೆಚ್ಚಿತು’ ಎಂದರೆ ಏನೆಂದು ಹೆಡ್ ಕಾನ್‌ಸ್ಟೇಬಲ್ ಅವರು ಬರೆಯುವುದನ್ನು ನಿಲ್ಲಿಸಿ ಕೇಳಿದರು. ಬಳೆ ಒಡೆಯಿತು, ಒಡವೆ ಮುರಿಯಿತು, ಉಂಗುರ ಕಳೆಯಿತು ಎಂಬ ಅಮಂಗಳದ ಮಾತನ್ನು ನಮ್ಮ ಹಿರಿಯರು ನಾಲಿಗೆಯ ಮೇಲೆ ತರುತ್ತಿರಲಿಲ್ಲ. ಹೆಚ್ಚಿತು ಎನ್ನುತ್ತಿದ್ದರು. ಇಲ್ಲವಾದುದನ್ನು ಇಲ್ಲವೆಂದರೆ ದೇವರು ತಥಾಸ್ತು ಎಂದಾನು ಎಂಬ ಭಯವೋ ವಿನಯವೋ, ನನಗೂ ಆ ರೂಢಿ ಬಂದಿದೆ.

ಇಂದು ಬೆಳಿಗ್ಗೆ ಒಂಬತ್ತೂವರೆಗೆ ಆಕೆಯ ತಲೆಯ ಸ್ಕ್ಯಾನ್‌ಗಾಗಿ ಆಸ್ಪತ್ರೆಗೆ ಹೋದೆವು. ಒಬ್ಬಳೇ ಒಳಗೆ ಹೋಗಲು ಒಪ್ಪದಿದ್ದುದರಿಂದ ಯಂತ್ರ ನಡೆಸುವ ಹುಡುಗಿ ನನ್ನನ್ನೂ ಒಳಗೆ ಬಿಟ್ಟಳು. ಒಳಗೆ ಬರುವವರು ಮೈಮೇಲೆ ಲೋಹವಿಟ್ಟುಕೊಳ್ಳಬಾರದೆಂಬ ನಿಯಮವಿದೆಯಂತೆ. ಕನ್ನಡಕ, ಬೀಗದ ಕೈ, ಗಡಿಯಾರ, ಎಲ್ಲವನ್ನೂ ಬಾಗಿಲ ಪಕ್ಕದ ಟ್ರೇಯಲ್ಲಿ ಇಟ್ಟೆ. “ತಾತ, ಉಂಗುರಾನೂ” ಎಂದಳು. ಅದೊಂದು ಇರಲೆಂದು ಕೇಳಿಕೊಂಡೆ. “ಅಯ್ಯೋ, ಯಂತ್ರ ಎಳ್ಕೊಂಡ್ರೆ ನನ್ನ ಕೆಲಸ ಹೋಗತ್ತೆ ತಾತ. ಹತ್ತೇ ನಿಮಿಷ, ನಿಮ್ಮ ಬಂಗಾರಾನ ಯಾರೂ ತಿನ್ನಲ್ಲ” ಎಂದು ನಕ್ಕಳು. ಅವಳದೇನೂ ತಪ್ಪಿಲ್ಲ. ಟ್ರೇಯಲ್ಲಿ ಆಗಲೇ ಇನ್ನೊಂದು ಉಂಗುರವಿತ್ತು, ನನ್ನದಕ್ಕಿಂತ ಚಿಕ್ಕದು. ನನ್ನದನ್ನು ಅದರ ಪಕ್ಕಕ್ಕಿಟ್ಟೆ.

ಆಕೆಯನ್ನು ಯಂತ್ರದ ಹಲಗೆಯ ಮೇಲೆ ಮಲಗಿಸಿದರು. ನಾನು ಪಕ್ಕದ ಕುರ್ಚಿಯಲ್ಲಿ ಕುಳಿತು ಕೈ ಹಿಡಿದುಕೊಂಡೆ. ಯಂತ್ರ ಬಡಿಯತೊಡಗಿತು. ಆಕೆಯ ಬೆರಳುಗಳು ನನ್ನ ಬೆರಳುಗಳ ಮೇಲೆ ಹುಡುಕಾಡಿದವು. ಉಂಗುರವಿದ್ದ ಜಾಗಕ್ಕೆ ಬಂದು ನಿಂತವು. ಅಲ್ಲಿ ಚರ್ಮ ಬೆಳ್ಳಗೆ ತಗ್ಗಾಗಿದೆ. ಆ ತಗ್ಗನ್ನು ಒಮ್ಮೆ ಸವರಿ ನೋಡಿ, ಕೈ ಕೊಡವಿದಳು.

“ಯಾರದು ಈ ಕೈ? ನಮ್ಮನೆಯವರನ್ನ ಕರೀರಿ” ಎಂದು ಕೂಗಿದಳು. “ಅಮ್ಮಾ, ಅಲ್ಲಾಡಬೇಡಿ” ಎಂದು ಗೋಡೆಯ ಸ್ಪೀಕರಿನಿಂದ ಹುಡುಗಿಯ ದನಿ ಬಂತು. ನಾನೇ ಕಣೇ ಎಂದೆ. ಆಕೆ ಕೊಸರಾಡಿ ಎದ್ದು ಕುಳಿತು, ನನ್ನ ಎದೆಗೆ ಕೈಯಿಟ್ಟು ನೂಕಿದಳು. ಸ್ಕ್ಯಾನ್ ಅರ್ಧಕ್ಕೇ ನಿಂತಿತು. ಆಕೆ ಬಾಗಿಲಿನತ್ತ ಓಡಿದಳು. ನಾನು ಟ್ರೇಯಿಂದ ಕೈಗೆ ಸಿಕ್ಕಿದ್ದನ್ನು ಬಾಚಿ ಜೇಬಿಗೆ ತುಂಬಿಕೊಂಡು ಅವಳ ಹಿಂದೆ ಓಡಿದೆ. ಕನ್ನಡಕ ಜೇಬಿನಲ್ಲಿತ್ತು, ಕಣ್ಣಿಗೆ ಹಾಕಿಕೊಂಡಿರಲಿಲ್ಲ. ಉಂಗುರ ಬಂದಿಲ್ಲವೆಂದು ತಿಳಿದದ್ದು ಟ್ಯಾಕ್ಸಿಯಲ್ಲಿ.

ಟ್ಯಾಕ್ಸಿಯಲ್ಲಿ ಆಕೆ ಆ ತುದಿಗೆ, ನಾನು ಈ ತುದಿಗೆ. ಸ್ವಲ್ಪ ದೂರ ಹೋದ ಮೇಲೆ ನನ್ನತ್ತ ತಿರುಗಿ “ಯಜಮಾನ್ರೇ” ಎಂದಳು. ಗಂಡನನ್ನು ಕರೆಯುವುದೂ ಆ ಮಾತಿನಿಂದಲೇ, ದಾರಿಯಲ್ಲಿ ಸಿಕ್ಕ ಅಪರಿಚಿತ ಮುದುಕನನ್ನು ಕರೆಯುವುದೂ ಆ ಮಾತಿನಿಂದಲೇ. ಒಂದು ಉಸಿರಿನಷ್ಟು ಹೊತ್ತು ನನಗೆ ಹೋದ ಜೀವ ಬಂದಂತಾಯಿತು. “ಯಜಮಾನ್ರೇ, ನಿಮ್ಮನ್ನ ನೋಡಿದರೆ ಒಳ್ಳೆಯವರ ಹಾಗೆ ಕಾಣ್ತೀರಿ. ನನ್ನ ಮನೆಗೆ ಬಿಟ್ಟುಬಿಡಿ. ನಮ್ಮನೆಯವರು ಕಾಯ್ತಿರ್ತಾರೆ” ಎಂದಳು.

ಮನೆಗೆ ಬಂದ ಮೇಲೆ ನನ್ನೊಡನೆ ಮೆಟ್ಟಿಲು ಹತ್ತಲು ಒಪ್ಪಲಿಲ್ಲ. ಕೆಳಗಿನ ಔಷಧಿ ಅಂಗಡಿಯವನ ಹೆಂಡತಿ ಬಂದು ಮೇಲಕ್ಕೆ ಕರೆದುಕೊಂಡು ಹೋಗಿ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂಡಿಸಿದಳು. “ತಾತಂಗೆ ಒಂದು ಉಂಗುರ ಹಾಕಿಬಿಟ್ಟರಾಯ್ತಲ್ಲ” ಎಂದು ತನ್ನದನ್ನೇ ಕಳಚಿ ಕೊಟ್ಟಳು. ಅದು ನನ್ನ ಕಿರುಬೆರಳಿನ ಅರ್ಧಕ್ಕೂ ಹೋಗಲಿಲ್ಲ. ನನ್ನ ಹೆಂಡತಿ ನೋಡಿ “ಹೆಣ್ಣುಮಕ್ಕಳದ್ದು ಹಾಕ್ಕೊಂಡು ಆಟ ಆಡ್ತಿದ್ದಾರೆ, ವಯಸ್ಸಿಗೆ ತಕ್ಕ ಹಾಗಿರಬಾರದಾ” ಎಂದಳು. ಮಧ್ಯಾಹ್ನದ ಊಟ ಕಲಸಿ ತಂದೆ. ನನ್ನ ಕೈ ನೋಡಿ ತುಟಿ ಬಿಗಿದಳು. ಔಷಧಿ ಅಂಗಡಿಯವನ ಹೆಂಡತಿ ತಂದಾಗಲೂ ಬಿಗಿದಳು. “ನಮ್ಮನೆಯವರು ಬರಲಿ” ಎಂಬುದೊಂದೇ ಮಾತು.

ಸುಮಾರು ಎರಡು ಗಂಟೆಗೆ ಆಸ್ಪತ್ರೆಯ ವಿಚಾರಣೆಯ ಮೇಜಿಗೆ ಫೋನ್ ಮಾಡಿದೆ. ಎಳೆಯ ದನಿಯ ಹೆಣ್ಣುಮಗಳೊಬ್ಬಳು ತೆಗೆದುಕೊಂಡಳು. ಆಗ ನಡೆದ ಮಾತು ಹೀಗಿದೆ.

“ಬೆಳಿಗ್ಗೆ ಸ್ಕ್ಯಾನ್‌ಗೆ ಬಂದಿದ್ದೆವಮ್ಮ. ಟ್ರೇಯಲ್ಲಿಟ್ಟಿದ್ದ ಉಂಗುರ ಹೆಚ್ಚಿದೆ” ಎಂದೆ.

“ಹೆಚ್ಚಾಗಿದೆಯಾ ಸರ್?”

“ಹೌದಮ್ಮ, ಹೆಚ್ಚಿದೆ. ಮನೆಗೆ ಬರುವಾಗ ಗೊತ್ತಾಯಿತು.”

“ಒಂದೇನಾ?”

“ಒಂದೇ ತಾಯಿ.”

“ಸದ್ಯ, ಒಳ್ಳೇದಾಯ್ತು ಸರ್. ಇಲ್ಲೊಬ್ಬರು ಬೆಳಿಗ್ಗೆಯಿಂದ ಅಳ್ತಾ ಕೂತಿದ್ದಾರೆ, ಹೇಳ್ತೀನಿ. ಅಡ್ರೆಸ್ ಹೇಳಿ.”

ಅಡ್ರೆಸ್ ಹೇಳಿದೆ. ಒಳ್ಳೇದಾಯ್ತು ಎಂಬ ಮಾತು ಕಿವಿಗೆ ತುಸು ವಿಚಿತ್ರವೆನಿಸಿತು. ಅಮಂಗಳದ ಸುದ್ದಿಗೆ ಶುಭದ ಮಾತೊಂದನ್ನು ಸೇರಿಸಬೇಕೆಂಬ ಹಳೆಯ ಸಂಸ್ಕಾರ ಈ ಕಾಲದ ಮಕ್ಕಳಲ್ಲೂ ಉಳಿದಿದೆಯಲ್ಲ ಎಂದು ಭಾವಿಸಿ, ಅವಳನ್ನು ಮನಸ್ಸಿನಲ್ಲೇ ಹರಸಿ ಫೋನ್ ಇಟ್ಟೆ. ಜೀವಮಾನವೆಲ್ಲ ಬೇರೆಯವರ ವಾಕ್ಯಗಳಲ್ಲಿ ಎರಡರ್ಥ ಹುಡುಕಿ ತಿದ್ದಿದವನಿಗೆ ತನ್ನ ವಾಕ್ಯದಲ್ಲಿರುವುದು ಕಾಣಲಿಲ್ಲ.

ನಾಲ್ಕು ಗಂಟೆಗೆ ಬಾಗಿಲು ಬಡಿದ ಸದ್ದಾಯಿತು. ಅಪರಿಚಿತರಾದ ಒಬ್ಬ ಹೆಣ್ಣುಮಗಳೂ ಆಕೆಯ ಗಂಡನೂ ನಿಂತಿದ್ದರು. ಆಕೆ ಬೇಕರಿಯಲ್ಲಿ ಕೆಲಸ ಮಾಡುವವಳು, ಗಂಡ ಲಿಫ್ಟ್ ರಿಪೇರಿ ಮಾಡುವ ಮೆಕ್ಯಾನಿಕ್, ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ ಎಂದು ಆಮೇಲೆ ತಿಳಿಯಿತು. ನಮಗಿಂತ ಮೊದಲು ಸ್ಕ್ಯಾನ್ ಮುಗಿಸಿ, ಟ್ರೇಯಲ್ಲೇ ಉಂಗುರ ಮರೆತು ಹೋಗಿ, ತಿರುಗಿ ಬಂದು ನೋಡಿದಾಗ ಟ್ರೇ ಬರಿದಾಗಿತ್ತಂತೆ. ಅತ್ತು ಅತ್ತು ಆಕೆಯ ಕಣ್ಣು ಊದಿದ್ದವು.

“ಅಜ್ಜಾ, ಕೈ ಮುಗೀತೀನಿ, ಉಂಗುರ ಕೊಟ್ಟುಬಿಡಿ” ಎಂದಳು.

ಯಾವ ಉಂಗುರ ತಾಯಿ, ನಮ್ಮದೇ ಹೆಚ್ಚಿದೆ ಎಂದೆ.

“ಆ ಹೆಚ್ಚಿರೋದನ್ನೇ ಕೊಡಿ ಅಂತ ಕೇಳ್ತಿರೋದು!”

ಹೆಚ್ಚಿರುವುದನ್ನು ಎಲ್ಲಿಂದ ತಂದು ಕೊಡಲಿ ಎಂದೆ.

“ನೋಡಿದ್ರಾ ಮಾತು? ಫೋನಲ್ಲಿ ಒಪ್ಪಿಕೊಂಡು ಈಗ ಎಲ್ಲಿಂದ ತರಲಿ ಅಂತಾರೆ. ಇಟ್ಕೊಂಡು ಏನ್ ಮಾಡ್ತೀರಿ ಅಜ್ಜಾ, ಈ ವಯಸ್ಸಲ್ಲಿ ಇನ್ನೊಂದು ಮದುವೆ ಇದೆಯಾ?” ಎಂದಳು. ಗಂಡ ಅವಳ ತೋಳು ಹಿಡಿದು “ಸುಮ್ನಿರು, ದೊಡ್ಡವರು” ಎಂದ. “ದೊಡ್ಡವರು ದೊಡ್ಡವರ ಥರ ಇರಬೇಕು. ನಿಮ್ಮಮ್ಮಂಗೆ ನಾನೇನು ಹೇಳಲಿ? ಬರಿಗೈಲಿ ಹೋಗಿ ನಿಂತರೆ, ಮನಸ್ಸಿದ್ದಿದ್ದರೆ ಕಳ್ಕೊಳ್ತಿದ್ಲಾ ಅಂತಾರೆ” ಎಂದು ಗೋಡೆಗೊರಗಿ ಅಳತೊಡಗಿದಳು.

ಅಷ್ಟರಲ್ಲಿ ಕುರ್ಚಿಯಲ್ಲಿದ್ದ ನನ್ನ ಹೆಂಡತಿ ಎದ್ದು ಬಂದಳು. “ಈ ಮನುಷ್ಯನ್ನ ಬಿಡಬೇಡಿ. ನಮ್ಮನೆಯವರ ಉಂಗುರಾನೂ ಇವನೇ ತೆಗೆದಿರೋದು. ಅವರ ಅಂಗೀನೂ ಹಾಕ್ಕೊಂಡಿದ್ದಾನೆ ನೋಡಿ. ಅವರನ್ನ ಏನ್ ಮಾಡಿದೆಯೋ?” ಎಂದು ನನ್ನ ಅಂಗಿಯ ತೋಳು ಹಿಡಿದು ಜಗ್ಗಿದಳು. ಆ ತೋಳಿನ ಹರಿದ ಹೊಲಿಗೆಯನ್ನು ಹಿಂದೆ ಆಕೆಯೇ ಮತ್ತೆ ಹಾಕಿದ್ದಳು. ನಲವತ್ತೊಂಬತ್ತು ವರ್ಷ ಜೊತೆಗಿದ್ದವಳು ನನ್ನನ್ನು ಏಕವಚನದಲ್ಲಿ ಮಾತನಾಡಿಸಿದ್ದು ಅದೇ ಮೊದಲು. ಇದನ್ನು ಕೇಳಿದ ಮೇಲೆ ಆ ಯುವಕನಿಗೆ ಸಂದೇಹ ಹುಟ್ಟಿದ್ದು ಸಹಜ. ಅವನೇ ಪೊಲೀಸರಿಗೆ ಫೋನ್ ಮಾಡಿದ. ಅವನ ಮೇಲೆ ನನಗೆ ಯಾವ ಅಸಮಾಧಾನವೂ ಇಲ್ಲ. ಅವನ ಜಾಗದಲ್ಲಿದ್ದರೆ ನಾನೂ ಮಾಡುತ್ತಿದ್ದೆ.

ಐದು ಗಂಟೆಗೆ ನಮ್ಮೆಲ್ಲರನ್ನೂ ಠಾಣೆಗೆ ಕರೆತರಲಾಯಿತು. ನನ್ನ ಹೆಂಡತಿಯನ್ನು ಮನೆಯಲ್ಲಿ ಒಬ್ಬಳೇ ಬಿಡುವಂತಿಲ್ಲದ್ದರಿಂದ ಮಹಿಳಾ ಕಾನ್‌ಸ್ಟೇಬಲ್ ಒಬ್ಬರು ಕೈ ಹಿಡಿದು ತಂದರು. ನನ್ನ ಜೇಬು, ಚೀಲ ಎಲ್ಲವನ್ನೂ ತೆಗೆದು ತೋರಿಸಿದೆ. ಫೋನಿನಲ್ಲಿ ಏನು ಹೇಳಿದಿರಿ ಎಂದು ಹೆಡ್ ಕಾನ್‌ಸ್ಟೇಬಲ್ ಅವರು ಕೇಳಿದರು, ಹೇಳಿದೆ. ಹೆಚ್ಚಿತು ಎಂಬುದರ ಅರ್ಥವನ್ನು, ಮೇಲೆ ಬರೆಸಿದಂತೆ, ಬಿಡಿಸಿ ಹೇಳಿದಾಗ ಅವರು ಪೆನ್ನು ಕೆಳಗಿಟ್ಟರು. “ನಮ್ಮಜ್ಜೀನೂ ಅಕ್ಕಿ ಹೆಚ್ಚಿದೆ ಅಂತಿದ್ಲು. ನಾನು ಚಿಕ್ಕವನು, ಓಹೋ ಇವತ್ತು ಹೊಟ್ಟೆ ತುಂಬ ಊಟ ಅಂತ ಕುಣೀತಿದ್ದೆ. ಡಬ್ಬ ನೋಡಿದರೆ ಖಾಲಿ” ಎಂದರು. ನಗಲು ಹೋದವರು ಬೆಂಚಿನ ಮೇಲೆ ಕುಳಿತಿದ್ದ ಇಬ್ಬರು ಹೆಂಗಸರನ್ನೂ ನೋಡಿ ಮತ್ತೆ ಪೆನ್ನು ಎತ್ತಿಕೊಂಡರು.

ಅಧಿಕಾರಿಗಳು ಆಸ್ಪತ್ರೆಗೆ ಫೋನ್ ಮಾಡಿದರು. ಗಲಾಟೆಯಲ್ಲಿ ಟ್ರೇ ನೆಲಕ್ಕೆ ಬಿದ್ದಿತ್ತೆಂದೂ, ಆ ಕೋಣೆಯನ್ನು ಗುಡಿಸಿ ಕಸದ ಚೀಲಗಳನ್ನು ಮಧ್ಯಾಹ್ನದ ಗಾಡಿಗೆ ಹಾಕಿ ಆಗಿದೆಯೆಂದೂ, ಗಾಡಿ ಊರಾಚೆ ಹೋಗಿ ಸುರಿದಿರಬಹುದೆಂದೂ ಅಲ್ಲಿಂದ ಉತ್ತರ ಬಂತು. ನಾಳೆ ಬೆಳಕಾದ ಮೇಲೆ ಜನ ಕಳುಹಿಸಿ ಹುಡುಕಿಸುತ್ತೇವೆ ಎಂದರಂತೆ. ಸಿಗುತ್ತದೆಯೇ ಎಂದು ಕೇಳಿದೆ. ಬೇಕರಿಯ ಹೆಣ್ಣುಮಗಳು ಎದ್ದು ಬಂದು, ಇನ್ನೊಂದು ಮದುವೆ ಎಂದದ್ದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಡಿ ಎಂದು ನನ್ನ ಪಾದ ಮುಟ್ಟಲು ಬಾಗಿದಳು. ನಿನ್ನದೂ ನನ್ನದೂ ಒಂದೇ ಕಸದಲ್ಲಿದೆ, ಏಳು ತಾಯಿ ಎಂದೆ.

ಇಲ್ಲಿಂದ ಮುಂದಿನದನ್ನು ಬರೆದುಕೊಳ್ಳುವ ಅಗತ್ಯವಿಲ್ಲ, ದೂರು ತೀರಿತು ಎಂದು ಹೆಡ್ ಕಾನ್‌ಸ್ಟೇಬಲ್ ಅವರು ಹೇಳಿದರು. ಅಗತ್ಯವಿದೆಯೆಂದು ನಾನು ಹಟ ಹಿಡಿದು ಬರೆಸುತ್ತಿದ್ದೇನೆ.

ನನ್ನ ಹೆಂಡತಿಯ ಕೈ ನಡುಗತೊಡಗಿತ್ತು. ಹಣೆಯಲ್ಲಿ ಬೆವರಿತ್ತು. ನಾನು ನೀರು ಹಿಡಿದು ಹೋದರೆ ಲೋಟ ತಳ್ಳಿದಳು. ಮಹಿಳಾ ಕಾನ್‌ಸ್ಟೇಬಲ್ ಹಿಡಿದರೂ ತಳ್ಳಿದಳು. ಆಗ ಆ ಮೆಕ್ಯಾನಿಕ್, ಪಾಪ, ಉರುಳಿದ ಲೋಟವನ್ನು ಎತ್ತಿಕೊಡಲು ಬಾಗಿದ. ಆಕೆಯ ಕೈ ಅವನ ಎಡಗೈಯ ಮೇಲೆ ಬಿತ್ತು. ಅವನು ಕೆಲಸಕ್ಕೆ ಹೋಗುವಾಗ ಉಂಗುರ ತೆಗೆದಿಡುವವನು. ಲಿಫ್ಟಿನ ಯಂತ್ರಕ್ಕೆ ಸಿಕ್ಕರೆ ಬೆರಳೇ ಹೋಗುತ್ತದಂತೆ. ಇಂದು ರಜೆ ಹಾಕಿದ್ದರಿಂದ ಉಂಗುರ ಬೆರಳಿನಲ್ಲೇ ಇತ್ತು, ಕಲ್ಲಿಲ್ಲದ ನುಣುಪು ಉಂಗುರ. ಆಕೆ ಅದನ್ನು ಎರಡು ಬೆರಳಲ್ಲಿ ಹಿಡಿದಳು. ತಿರುಗಿಸಿದಳು.

“ಇವರೇ” ಎಂದಳು.

ಆಮೇಲೆ ಅವನ ಮುಖ ನೋಡದೆಯೇ, “ಎಲ್ಲಿ ಹೋಗಿದ್ರಿ? ಬೆಳಿಗ್ಗೆಯಿಂದ ಒಂದು ಗುಟುಕು ನೀರಿಲ್ಲ ನನಗೆ. ನಿಮ್ಮ ಕೈ ನೋಡಿದರೆ ಮೈ ತುಂಬಿಕೊಂಡಿದೆ, ನೀವು ಮಾತ್ರ ಎಲ್ಲೋ ಚೆನ್ನಾಗಿ ಊಟ ಮಾಡ್ತಿದ್ದೀರಿ” ಎಂದಳು. ಆ ಯುವಕ ನನ್ನನ್ನೂ ತನ್ನ ಹೆಂಡತಿಯನ್ನೂ ಸರದಿಯಲ್ಲಿ ನೋಡಿದ. ಅವನ ಹೆಂಡತಿ ಮೆಲ್ಲಗೆ ಹತ್ತಿರ ಕುಳಿತು, “ಅಜ್ಜೀ, ಇವರು ನನ್ನ ಗಂಡ ಕಣಜ್ಜೀ” ಎಂದಳು. ನನ್ನ ಹೆಂಡತಿ ಆಕೆಯ ಬೋಳು ಬೆರಳನ್ನು ನೋಡಿ, “ನಿನಗೆ ಉಂಗುರ ಎಲ್ಲಿದೆಯಮ್ಮ?” ಎಂದು ಕೇಳಿದಳು. ಆ ಹೆಣ್ಣುಮಗಳು ಬೆರಳನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡಳು.

ಯುವಕ ಜಾಣ. ನಿಧಾನವಾಗಿ ಕೈ ಬಿಡಿಸಿಕೊಂಡು, ಬೆನ್ನ ಹಿಂದೆ ತನ್ನ ಉಂಗುರ ಕಳಚಿ ನನಗೆ ದಾಟಿಸಿ, “ಹಾಕ್ಕೊಂಡು ಬನ್ನಿ ಅಜ್ಜಾ” ಎಂದು ಪಿಸುಗುಟ್ಟಿದ. ಅದನ್ನು ಹಾಕಿಕೊಂಡು ಎದುರಿಗೆ ಕುಳಿತೆ. ಅದು ನನಗೆ ಸಡಿಲ. ಆಕೆ ಹಿಡಿದು ತಿರುಗಿಸುವಷ್ಟರಲ್ಲಿ ಗೆಣ್ಣು ದಾಟಿ ಅವಳ ಅಂಗೈಗೇ ಜಾರಿತು. ಆಕೆ ಕಿರುಚಿದ ಕಿರುಚಿಗೆ ಒಳಗಿನ ಕೋಣೆಯಿಂದ ಅಧಿಕಾರಿಗಳು ಹೊರಗೆ ಬಂದರು. “ಕಿತ್ಕೊಂಡುಬಿಟ್ಟ! ಈಗ ತಾನೇ ಅವರ ಕೈಲಿತ್ತು, ಈ ಮುದುಕ ಕಿತ್ಕೊಂಡುಬಿಟ್ಟ!” ಎಂದು ಆ ಉಂಗುರವನ್ನು ಮುಷ್ಟಿಯಲ್ಲಿ ಹಿಡಿದು, ತಾನೇ ಆ ಯುವಕನ ಬೆರಳಿಗೆ ತೊಡಿಸಿದಳು. ನಲವತ್ತೊಂಬತ್ತು ವರ್ಷಗಳ ಹಿಂದೆ ನನಗೆ ತೊಡಿಸಿದಾಗಲೂ ಹೀಗೆಯೇ, ತಲೆಯೆತ್ತದೆ, ತುಟಿ ಕಚ್ಚಿಕೊಂಡು, ಗೆಣ್ಣಿನ ಹತ್ತಿರ ತುಸು ಒತ್ತಿ ತೊಡಿಸಿದ್ದಳು. ಇದಕ್ಕೆ ಠಾಣೆಯ ಸಿಬ್ಬಂದಿ ಸಾಕ್ಷಿಯಿದ್ದಾರೆ.

ಆ ಬಳಿಕ ಬೇಕರಿಯ ಹೆಣ್ಣುಮಗಳು ತನ್ನ ಚೀಲದಿಂದ ಬನ್ ತೆಗೆದು ಗಂಡನ ಕೈಗಿಟ್ಟಳು. ನನ್ನ ಹೆಂಡತಿ ಅವನ ಕೈಯಿಂದ ಪೂರ್ತಿ ತಿಂದಳು. ಅವಳ ನಡುಕ ನಿಂತಿತು. ದೇವರು ನನ್ನ ಪ್ರಾರ್ಥನೆಯನ್ನು ಕೇಳಿಸಿಕೊಂಡ. ಅವನಿಗೆ ಇದಕ್ಕಿಂತ ಬೇರೆ ದಾರಿ ಕಾಣಲಿಲ್ಲವೇ ಎಂದು ಕೇಳುವಷ್ಟು ದೊಡ್ಡವನು ನಾನಲ್ಲ.

ಆದಕಾರಣ ನನ್ನ ಕೋರಿಕೆ: ಈ ದಂಪತಿಗಳ ಮೇಲಾಗಲಿ, ಆಸ್ಪತ್ರೆಯ ಫೋನಿನ ಹುಡುಗಿಯ ಮೇಲಾಗಲಿ, ಯಂತ್ರದ ಹುಡುಗಿಯ ಮೇಲಾಗಲಿ ಯಾವ ಕ್ರಮವೂ ಬೇಡ. ನಾಳಿನ ಹುಡುಕಾಟವನ್ನು ಬಿಡದೆ ನಡೆಸಬೇಕು. ರಾತ್ರಿಯ ಊಟ, ಮಾತ್ರೆ ಇನ್ನೂ ಇವೆ. ಆಕೆ ನನ್ನನ್ನು ಮನೆಯೊಳಗೆ ಬಿಡುವುದಿಲ್ಲ. ಆ ಯುವಕ ಈ ಸಂಜೆ ನಮ್ಮ ಮನೆಗೆ ಬಂದು ಆಕೆಗೆ ಊಟ ಮಾಡಿಸಿ, ಮಾತ್ರೆ ಕೊಟ್ಟು, ನಿದ್ದೆ ಹತ್ತುವ ತನಕ ಕೈ ಕೊಟ್ಟು ಕೂಡಬೇಕೆಂದು ಬೇಡಿದೆ. ಅವನು ತನ್ನ ಹೆಂಡತಿಯ ಮುಖ ನೋಡಿದ. ಆಕೆ ಕಣ್ಣೊರೆಸಿಕೊಂಡು, “ಹೋಗಿ ಬನ್ನಿ. ಅತ್ತೆಗೆ ನಾನು ಹೇಳ್ಕೊತೀನಿ. ಬೆಳಿಗ್ಗೆ ಕೆಲಸಕ್ಕೆ ಹೋಗೋ ಮುಂಚೆನೂ ಒಂದು ಸಲ ಹೋಗಿ. ಉಂಗುರಾನ ಆಮೇಲೆ ತೆಗೆದಿಟ್ಟರಾಯ್ತು” ಎಂದಳು.

ಬೀಗದ ಕೈಯನ್ನು ಅವನಿಗೆ ಒಪ್ಪಿಸಿದೆ. ಅನ್ನವನ್ನು ಮೆತ್ತಗೆ ಕಲಸಬೇಕು, ಮಾತ್ರೆ ಊಟದ ನಂತರ, ದೀಪ ಪೂರ್ತಿ ಆರಿಸಬಾರದು, ನಿದ್ದೆಯಲ್ಲಿ ‘ರೀ’ ಎಂದು ಕರೆದರೆ ‘ಇಲ್ಲೇ ಇದ್ದೀನಿ’ ಎಂದರೆ ಸಾಕು, ಇನ್ನೇನೂ ಹೇಳಬೇಕಾಗಿಲ್ಲ ಎಂದು ತಿಳಿಸಿದ್ದೇನೆ. ನಾನು ಹೊರಗೆ ಮೆಟ್ಟಿಲ ಮೇಲೆ ಕುಳಿತಿರುತ್ತೇನೆ. ಏನಾದರೂ ಬೇಕಾದರೆ ಬಾಗಿಲು ತೆರೆದು ಕೇಳಬಹುದು.

ಅಸ್ವಸ್ಥಳಾದ ಹೆಂಗಸನ್ನು ಠಾಣೆಯಿಂದ ಒಬ್ಬರ ವಶಕ್ಕೆ ಕೊಟ್ಟು ಕಳುಹಿಸುವಾಗ, ಕರೆದೊಯ್ಯುವವರು ಆಕೆಗೆ ಏನಾಗಬೇಕು ಎಂಬುದನ್ನು ನಮೂದಿಸಬೇಕಂತೆ. ಆ ಯುವಕನ ಹೆಸರಿನ ಮುಂದೆ ಸಂಬಂಧ ಏನೆಂದು ಬರೆಯಲಿ ಎಂದು ಹೆಡ್ ಕಾನ್‌ಸ್ಟೇಬಲ್ ಅವರು ನನ್ನನ್ನು ಕೇಳಿದರು.

ಆಕೆಯನ್ನೇ ಕೇಳಿ, ಆಕೆ ಹೇಳಿದ ಹಾಗೆ ಬರೆಯಿರಿ ಎಂದೆ. ಕೇಳಿದರು. ಬರೆದರು.

ಇಷ್ಟು ನಾನು ಕಂಡದ್ದು, ಕೇಳಿದ್ದು, ನನ್ನ ಬಾಯಿಂದಲೇ ಬರೆಸಿದ್ದು. ಓದಿ ಹೇಳಿದ್ದನ್ನು ಕಿವಿಗೊಟ್ಟು ಕೇಳಿ, ಸತ್ಯವಾಗಿದೆಯೆಂದು ಒಪ್ಪಿ, ಕೆಳಗೆ ರುಜು ಹಾಕಿದ್ದೇನೆ.

ಸ್ಥಳ: ಠಾಣೆಯ ಮುಂಭಾಗದ ಕೋಣೆ
ದಿನಾಂಕ: ಘಟನೆ ನಡೆದ ದಿನವೇ, ಸಂಜೆ
ರುಜು: (ಸಹಿ ಇದೆ)
ರುಜು ಹಾಕಿದವರು ಆಕೆಗೆ ಏನಾಗಬೇಕು: (ಖಾಲಿ ಬಿಡಲಾಗಿದೆ)